ಸಂಚಿಯೊಳಗಿನ ಫ್ಯೂಸು

ಬೆಳಗಿನ ಚಹಾ ಮುಗಿದ ಮೇಲೆ ಕಾಸೀಮಬೀ ಗೋಡೆ ಮುಟ್ಟಿ ನೋಡಿದಳು. ಇದು ಆಕೆಯ ನಿತ್ಯದ ಕೆಲಸ. ಅಂಗೈಯಿಂದಲ್ಲ, ಬೆರಳುಗಳ ಹಿಂಬದಿಯಿಂದ ಮುಟ್ಟಬೇಕು. ಕಾಲಲ್ಲಿ ರಬ್ಬರಿನ ಚಪ್ಪಲಿ ಇರಬೇಕು. ಗೋಡೆ ಸುಮ್ಮನಿದ್ದರೆ ಹತ್ತಿ ಹಿಂಜುವ ಯಂತ್ರದ ಸ್ವಿಚ್ಚು ಒತ್ತುತ್ತಾಳೆ. ಬೆರಳ ಮೇಲೆ ಇರುವೆ ಹರಿದಂತೆ ಜುಮ್ಮೆಂದರೆ ಅವತ್ತು ಯಂತ್ರವಿಲ್ಲ. ಗಾದಿಯ ಹೊರಚೀಲವಾದ ಖೋಳು ಹೊಲಿಯುವುದು, ದಿಂಬು ತುಂಬುವುದು, ಯಾರದೋ ಹಳೆಯ ಗಾದಿ ಬಿಚ್ಚುವುದು, ಇಷ್ಟೇ.

ಆ ಗುರುವಾರ ಗೋಡೆ ಜುಮ್ಮೆಂದಿತು. ಹಿಂದಿನ ಸಂಜೆ ಕುಷ್ಟಗಿಯಲ್ಲಿ ಏಪ್ರಿಲ್ ತಿಂಗಳ ಅಡ್ಡಮಳೆ ಬಿದ್ದಿತ್ತು. ಬಚ್ಚಲ ಕಡೆಯ ಗೋಡೆ ಮಾಳಿಗೆಯಿಂದ ಅರ್ಧದವರೆಗೆ ತೊಯ್ದು ಕಪ್ಪಾಗಿತ್ತು. ಕಾಸೀಮಬೀ ಖೋಳು ಹೊಲಿಯಲು ಕೂರಲಿಲ್ಲ. ಮೂಲೆಯಲ್ಲಿದ್ದ ಸ್ಟೂಲನ್ನು ಮೀಟರಿನ ಕೆಳಗೆ ಎಳೆದುಕೊಂಡು ಹತ್ತಿದಳು. ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಕೆಳಗೆ ಜಗ್ಗಿದಾಗ ಗೋಡೆಯಾಚೆ, ಭಾವನ ಮನೆಯಲ್ಲಿ, ತಿರುಗುತ್ತಿದ್ದ ಮಿಕ್ಸರು ನಿಂತಿತು. ಬಿಳಿ ಪಿಂಗಾಣಿಯ ಫ್ಯೂಸನ್ನು ಕಿತ್ತು, ಸೊಂಟದ ಎಲೆಯಡಿಕೆ ಸಂಚಿಗೆ ಹಾಕಿ, ದಾರ ಬಿಗಿದಳು.

ಗಂಡ ಮಕ್ಬುಲಸಾಬ ಬೀಡಿ ಸೇದುತ್ತ ಓಣಿಯ ಕಲ್ಲಿನ ಮೇಲೆ ಕೂತಿದ್ದ. ಹತ್ತಿಯ ಮನೆಯೊಳಗೆ ಬೀಡಿಗೆ ಜಾಗವಿಲ್ಲ.

"ಏನ ಅದು?" ಅಂದ.

"ಫ್ಯೂಸು."

"ಫ್ಯೂಸ್ ಯಾಕ ಸಂಚ್ಯಾಗ ಹಾಕ್ಕೊಂಡಿ?"

"ಎಲಿ ಜೋಡಿ ತಿನ್ನಾಕ."

ಮಕ್ಬುಲಸಾಬ ಬೀಡಿ ಆರಿಸಿದ. "ಅಣ್ಣನ ಮನಿಗೂ ಅದರಾಗಿಂದನ ಕರೆಂಟ್ ಹೋಗತೈತಿ."

"ಗೊತ್ತೈತಿ. ಅದಕ್ಕ ತಗದೀನಿ."

ಕಾಸೀಮಬೀಗೆ ಐವತ್ತು ದಾಟಿದೆ. ಗಿಡ್ಡ ಮೈಕಟ್ಟು, ಜೋರು ನಡಿಗೆ. ಕೂದಲಿನಲ್ಲಿ ಸದಾ ಹತ್ತಿಯ ಎಳೆಗಳಿರುವುದರಿಂದ ನರೆ ಯಾವುದು ಹತ್ತಿ ಯಾವುದು ಎಂದು ಹೇಳುವುದು ಕಷ್ಟ. ಪಿಂಜಾರರ ಮನೆಗೆ ಸೊಸೆಯಾಗಿ ಬಂದ ದಿನದಿಂದ ಗಾದಿಯ ಕೆಲಸ ಮಾಡುತ್ತಿದ್ದಾಳೆ. ಗಂಡನಿಗೆ ಹತ್ತಿಯ ಧೂಳಿನಿಂದ ದಮ್ಮು ಹತ್ತಿದ ಮೇಲೆ ಯಂತ್ರದ ಮುಂದೆ ತಾನೇ ನಿಂತಳು. ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ಗಂಗಾವತಿಯಲ್ಲಿ, ಇನ್ನೊಬ್ಬಳು ಗಿಣಿಗೇರಾದಲ್ಲಿ. ಗಿಣಿಗೇರಾದ ಅಳಿಯ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ. ಇಬ್ಬರ ಮದುವೆಯೂ ಈ ಯಂತ್ರದ ಮೇಲೆಯೇ ನಡೆದದ್ದು. ಅದು ಓಣಿಗೆ ಮುಖಮಾಡಿದ ಪಡಸಾಲೆಯಲ್ಲಿದೆ. ಗಿರಾಕಿಗಳು ಹೊಸ್ತಿಲಲ್ಲೇ ನಿಂತು ತಮ್ಮ ಹತ್ತಿ ತಮ್ಮ ಕಣ್ಣೆದುರೇ ಹಿಂಜಿಸಿಕೊಂಡು ಹೋಗುತ್ತಾರೆ. ಯಂತ್ರ ಆ ಪಡಸಾಲೆಯಲ್ಲಿ ಇರಬೇಕು, ಇಲ್ಲವಾದರೆ ಗಿರಾಕಿ ಇಲ್ಲ. ಕಾಸೀಮಬೀ ಹಟ ಹಿಡಿದದ್ದು ಅಷ್ಟಕ್ಕೇ.

ಮನೆ ಮಾವನ ಕಾಲದ್ದು. ಕಲ್ಲು ಮಣ್ಣಿನ ಗೋಡೆ, ಮೇಲೆ ತೊಲೆ ಮತ್ತು ಜಂತಿ, ಅದರ ಮೇಲೆ ಬೇವಿನ ಸೊಪ್ಪು ಹಾಸಿ ಮಣ್ಣು ಬಡಿದ ಮಾಳಿಗೆ. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಆ ಮಾಳಿಗೆಯ ಮೇಲೆ ಸವಳು ಮಣ್ಣು ಹರಡುತ್ತಾರೆ. ಉಪ್ಪಿನಂಶದ ಆ ಮಣ್ಣು ನೀರು ಕುಡಿದು ಬಿಗಿಯುತ್ತದೆ, ಕೆಳಗೆ ಹನಿ ಬಿಡುವುದಿಲ್ಲ. ಮಾವ ತೀರಿಕೊಂಡ ಮೇಲೆ ಮನೆ ಎರಡಾಯಿತು. ಪಡಸಾಲೆಯ ಭಾಗ ತಮ್ಮ ಮಕ್ಬುಲಸಾಬನಿಗೆ, ಪಡುವಣ ಭಾಗ ಅಣ್ಣ ಅಕ್ಬರಸಾಬನಿಗೆ. ನಡುವೆ ಗೋಡೆ ಎದ್ದಿತು. ಮೀಟರು ಮಾತ್ರ ಒಂದೇ ಉಳಿಯಿತು, ಅದೂ ಸತ್ತ ಮಾವನ ಹೆಸರಿನಲ್ಲಿ, ತಮ್ಮನ ಪಡಸಾಲೆಯ ಗೋಡೆಯ ಮೇಲೆ.

ಅಕ್ಬರಸಾಬ ಗಾದಿಯ ಕೆಲಸ ಬಿಟ್ಟು ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಅಂಗಡಿ ಹಾಕಿದ್ದಾನೆ. ಫೋಮಿನ ಗಾದಿ ಮಾರುತ್ತಾನೆ, ಪ್ಲಾಸ್ಟಿಕ್ ಹೊದಿಕೆಯವು, ಹೂವಿನ ಚಿತ್ರದವು. ತಮ್ಮನ ಹಿರಿಯ ಮಗಳ ನಿಶ್ಚಯದ ಹೊತ್ತಿನಲ್ಲಿ ಗಂಗಾವತಿಯ ಬೀಗರು ಮನೆ ನೋಡಲು ಬರುತ್ತಾರೆಂದು ಅವನಿಗೆ ಗೋಡೆಯ ಮೇಲಿನ ಮರದ ಪಟ್ಟಿಗಳು, ಅವುಗಳ ಮೇಲೆ ಹರಿದ ತಂತಿಗಳು ಕಣ್ಣಿಗೆ ಚುಚ್ಚತೊಡಗಿದವು. ಹೊಸ ಮನೆಗಳಲ್ಲಿ ತಂತಿ ಕಾಣುವುದಿಲ್ಲ, ಸ್ಲ್ಯಾಬಿನೊಳಗೆ ಹೋಗುತ್ತದೆ. ಇಲ್ಲಿ ಸ್ಲ್ಯಾಬು ಎಲ್ಲಿಯದು? ಬೀಗರೂರಿನಿಂದಲೇ ಬಂದ ವೈರಿಂಗಿನವನೊಬ್ಬ ಮಾಳಿಗೆಯ ಮಣ್ಣು ಬಗೆದು, ಅದರೊಳಗೆ ತೆಳ್ಳನೆಯ ಪೈಪು ಹೂತು, ಎರಡೂ ಮನೆಯ ತಂತಿ ಅದರಲ್ಲಿ ತುರುಕಿ, ಮೇಲೆ ಮಣ್ಣು ಮುಚ್ಚಿ ಹೋದ. ಬೀಗರು ಬಂದರು, ಮೇಲೆ ನೋಡಿದರು, ಮೆಚ್ಚಿಕೊಂಡರು. ಆ ವರ್ಷವೂ ಮುಂದಿನ ವರ್ಷಗಳೂ ಅಣ್ಣತಮ್ಮಂದಿರು ಎಂದಿನಂತೆ ಮಾಳಿಗೆಗೆ ಸವಳು ಹರಡಿದರು. ಆದರೆ ಬಗೆದ ಜಾಗದಲ್ಲಿ ಉಪ್ಪು ನೀರಿನ ಜೊತೆ ಇಳಿದು ಪೈಪಿನ ಬಾಯಿ ಹುಡುಕಿಕೊಂಡಿತು. ತಂತಿಯ ಒಂದೊಂದು ಗಂಟೂ ಹಸಿರು ಹಿಡಿದು ಕೊಳೆಯಿತು. ಗೋಡೆಗಳು ಜುಮ್ಮೆನ್ನತೊಡಗಿದ್ದು ಆಮೇಲೆ.

ಫ್ಯೂಸು ಪದೇ ಪದೇ ಸುಡುತ್ತಿತ್ತು. ಅದು ಸುಡುವುದು ಮನೆ ಸುಡದಿರಲೆಂದು. ಆದರೆ ಮದುವೆಯ ಸೀಜನ್ನಿನಲ್ಲಿ, ಗಿರಾಕಿ ಹೊಸ್ತಿಲಲ್ಲಿ ನಿಂತಿರುವಾಗ, ಸ್ಟೂಲು ಹತ್ತಿ ಇಳಿದು ಮಕ್ಬುಲಸಾಬನಿಗೆ ದಮ್ಮು ಬರುತ್ತಿತ್ತು. ಒಂದು ದಿನ ಅವನು ಗಾದಿ ಹೊಲಿಯುವ ದಬ್ಬಣದ ಮುರಿದ ಚೂರನ್ನು ಫ್ಯೂಸಿನ ಎರಡು ತಿರುಪುಗಳ ನಡುವೆ ಕೂರಿಸಿದ. ಮತ್ತೆಂದೂ ಅದು ಸುಡಲಿಲ್ಲ. ಅವನು ಅದನ್ನು ಯಾರಿಗೂ ಹೇಳಲೂ ಇಲ್ಲ, ಮುಚ್ಚಿಡಲೂ ಇಲ್ಲ. ಮರೆತುಬಿಟ್ಟ.

ಕಳೆದ ಶ್ರಾವಣದಲ್ಲಿ, ಜಿಟಿಜಿಟಿ ಮಳೆಯ ಮಧ್ಯಾಹ್ನ, ಪಡಸಾಲೆಯ ಸ್ವಿಚ್‌ಬೋರ್ಡಿನಿಂದ ಕಿಡಿ ಉದುರಿತು. ಕೆಳಗೆ ಯಲಬುರ್ಗಾ ಕಡೆಯ ಮಂಗಳೂರಿನ ಪಂಪಾವತಿ ಎಂಬಾಕೆ ಮಗಳ ಮದುವೆಗೆಂದು ಕೊಟ್ಟಿದ್ದ ಹತ್ತಿ ಹಿಂಜಿ ರಾಶಿಯಾಗಿತ್ತು. ಹಿಂಜಿದ ಹತ್ತಿಗೆ ಕಿಡಿ ಬಿದ್ದರೆ ಉರಿ ಮೇಲೆ ಕಾಣುವುದಿಲ್ಲ, ಒಳಗೊಳಗೇ ನಡೆಯುತ್ತದೆ. ಕಾಸೀಮಬೀ ಮೊದಲು ಮೇನ್ ಜಗ್ಗಿದಳು. ಆಮೇಲೆ ರಾಶಿಯ ಕೆಳಗಿನ ಗೋಣಿತಟ್ಟನ್ನು ಹಿಡಿದು ಇಡಿಯಾಗಿ ಓಣಿಯ ಮಳೆಗೆ ಎಳೆದು ಹಾಕಿದಳು. ಮನೆ ಉಳಿಯಿತು. ಎಡ ಮೊಣಕೈಯ ಕೆಳಗಿನ ಚರ್ಮ ಈಗಲೂ ಬೇರೆ ಬಣ್ಣದಲ್ಲಿದೆ.

ನೋಡಲು ಬಂದ ವೈರ್‌ಮನ್ ಶರಣಕುಮಾರ ಫ್ಯೂಸು ಬಿಚ್ಚಿ ಬೆಳಕಿಗೆ ಹಿಡಿದ.

"ಸಾಬರ, ಇದೇನ್ರಿ ಇದು?"

"ದಬ್ಬಣ," ಅಂದ ಮಕ್ಬುಲಸಾಬ.

"ಫ್ಯೂಸಿನ್ಯಾಗ ದಬ್ಬಣ ಯಾರ ಹಾಕ್ಯಾರ?"

"ತಂತಿ ದಿನಾ ಸುಡತಿತ್ತು. ಇದು ಒಮ್ಮಿನೂ ಸುಡಲಿಲ್ಲ ನೋಡು, ಗಟ್ಟಿ ಐತಿ."

"ಇದು ಸುಡಲಿಲ್ಲಂತನ ಹತ್ತಿ ಸುಟ್ಟೈತ್ರಿ."

ಕಾಸೀಮಬೀ ಗಂಡನನ್ನು ಬೈಯಲಿಲ್ಲ. ಆ ದಬ್ಬಣದ ಚೂರನ್ನು ತೆಗೆದು ಯಂತ್ರದ ಮೇಲಿನ ಗೂಟಕ್ಕೆ ದಾರ ಕಟ್ಟಿ ತೂಗುಬಿಟ್ಟಳು, ದಿನಾ ಅವನ ಕಣ್ಣಿಗೆ ಬೀಳಲಿ ಎಂದು. ಬೈಗುಳಕ್ಕಿಂತ ಅದು ಹೆಚ್ಚು ದಿನ ಬಾಳಿತು.

ಅಕ್ಬರಸಾಬ ಅವತ್ತೇ ಸಂಜೆ ತೀರ್ಪು ಕೊಟ್ಟ. ಒಂದೋ ಯಂತ್ರ ಊರಾಚೆ ಯಾವುದಾದರೂ ಶೆಡ್ಡಿಗೆ ಹೋಗಬೇಕು, ಇಲ್ಲವೋ ಮನೆ ಕೆಡವಿ ಸ್ಲ್ಯಾಬು ಹಾಕಬೇಕು. ಖಾಲಿಯಾದ ಪಡಸಾಲೆಯನ್ನು ತನ್ನ ಫೋಮಿನ ಗಾದಿಗಳಿಗೆ ಬಾಡಿಗೆಗೆ ಹಿಡಿಯಲು ತಾನು ತಯಾರು ಎಂದೂ ಸೇರಿಸಿದ. ಕಾಸೀಮಬೀ ಹೇಳಿದ್ದು ಬೇರೆ. ಮನೆ ಇರುತ್ತದೆ, ಯಂತ್ರವೂ ಇರುತ್ತದೆ, ಹೋಗಬೇಕಾದದ್ದು ತಂತಿ. ಮಾಳಿಗೆಯೊಳಗಿನ ಪೈಪು ಕಡಿದು ಹಾಕಿ ಎರಡೂ ಮನೆಗೆ ಹೊಸ ವೈರಿಂಗು ಆಗಬೇಕು, ಯಂತ್ರಕ್ಕೆ ಸಾಕಾಗುವಷ್ಟು ಕರೆಂಟು ಮಂಜೂರಾಗಬೇಕು. ಅದಕ್ಕೆ ಮೀಟರು ಸತ್ತವರ ಹೆಸರಿನಿಂದ ಬದುಕಿರುವವರ ಹೆಸರಿಗೆ ಬರಬೇಕಿತ್ತು. ಬರಬೇಕಾದರೆ ಇಬ್ಬರೂ ಗಂಡುಮಕ್ಕಳ ಸಹಿ ಬೇಕಿತ್ತು. ತಮ್ಮ ಹಾಕಿದ. ಅಣ್ಣ ಹಾಕಲಿಲ್ಲ.

"ಮಣ್ಣಿನ ಮನಿಗೆ ಎಂಥಾ ಹೊಸಾ ವೈರಿಂಗ? ಮುದುಕಿಗೆ ಹೊಸಾ ಹಲ್ಲ ಕಟ್ಟಿಸಿದಂಗ," ಎಂದು ಅಂಗಡಿಯಲ್ಲಿ ಕೂತು ನಕ್ಕ.

ಮಾತು ಮನೆಗೆ ಬಂದು ಮುಟ್ಟಿತು. "ಮುದುಕಿ ರೊಟ್ಟಿ ತಿನ್ನೂದು ಬ್ಯಾಡನು?" ಎಂದಷ್ಟೇ ಕಾಸೀಮಬೀ ಕೇಳಿದಳು. ಚಳಿಗಾಲವಿಡೀ ಸಹಿ ಕೇಳುತ್ತ ಹೋದಳು, ಒಣ ಗೋಡೆಯ ದಿನಗಳಲ್ಲಿ ಯಂತ್ರ ನಡೆಸುತ್ತ ಹೋದಳು. ಏಪ್ರಿಲಿನ ಮಳೆ ಬಿದ್ದು ಗೋಡೆ ಮತ್ತೆ ಜುಮ್ಮೆಂದ ಬೆಳಿಗ್ಗೆ ಕೇಳುವುದನ್ನು ನಿಲ್ಲಿಸಿ ಸ್ಟೂಲು ಹತ್ತಿದಳು.

ಮೊದಲು ಬಂದವಳು ನೆಗೆಣ್ಣಿ ಗೌಸಬೀ, ಅಕ್ಬರಸಾಬನ ಹೆಂಡತಿ. ಕೈಯಲ್ಲಿ ಅರ್ಧ ರುಬ್ಬಿದ ಚಟ್ನಿಯ ಮಿಕ್ಸರ್ ಡಬ್ಬಿ ಇತ್ತು.

"ಕಾಸೀಮಾ, ಜರಾ ಫ್ಯೂಸ್ ಕೊಡವಾ. ಚಟ್ನಿ ಮುಗಿಸಿ ತಿರುಗಿ ಕೊಡ್ತೀನಿ."

"ಅಕ್ಕಾ, ಒಳಗ ಕಲ್ಲು ಐತಿ, ಕುಂತ ಅರಿ. ಬೇಕಾದ್ರ ನಾ ಅರೀತೀನಿ."

"ಅವರು ಸಿಟ್ಟಿಗೇಳತಾರ."

"ಏಳಲಿ. ಎದ್ದ ಮ್ಯಾಲ ಇಲ್ಲಿಗೆ ಬರಲಿ. ಬಂದಾಗ ಪೆನ್ನ ತರಲಿ."

ಗೌಸಬೀ ಡಬ್ಬಿ ಕೆಳಗಿಟ್ಟಳು. ಆಮೇಲೆ ತಗ್ಗಿದ ದನಿಯಲ್ಲಿ, "ಬಚ್ಚಲದಾಗ ನಳ ಮುಟ್ಟಿದ್ರ ನನಗೂ ಜುಮ್ ಅಂತೈತವಾ," ಅಂದಳು. ಕಲ್ಲಿನಲ್ಲೇ ಚಟ್ನಿ ಅರೆದುಕೊಂಡು ಹೋದಳು.

ಅಕ್ಬರಸಾಬ ಅವತ್ತು ಬರಲಿಲ್ಲ. ಪಕ್ಕದ ಗವಿಸಿದ್ದಪ್ಪನ ಮನೆಯಿಂದ ಒಂದು ವೈರು ಎಳೆದು ಫ್ಯಾನು ತಿರುಗಿಸಿಕೊಂಡ. ಗವಿಸಿದ್ದಪ್ಪ ಕಿರಾಣಿ ವ್ಯಾಪಾರಿ, ಮಾತಿಗೆ ತಪ್ಪದವನು. ಆದರೆ ತನ್ನ ಫ್ರಿಜ್ಜು ಗೊರಗೊರ ಅನ್ನತೊಡಗಿದಾಗ ವೈರನ್ನು ಸುರುಳಿ ಸುತ್ತಿ ಒಳಗಿಟ್ಟುಕೊಂಡ. "ನಿಮ್ಮ ಜಗಳ ನಿಮ್ಮ ಮೀಟರಿನ್ಯಾಗ ಮುಗಿಸಿಕೊಳ್ರಿ," ಅಂದ. ಅಕ್ಬರಸಾಬನ ಇನ್ವರ್ಟರು ಮರುದಿನವೇ ಸುಸ್ತಾಗಿತ್ತು. ಕುಷ್ಟಗಿಯ ಬೇಸಿಗೆಯಲ್ಲಿ ಮಾಳಿಗೆ ಮನೆ ಸ್ಲ್ಯಾಬಿನ ಮನೆಗಿಂತ ತಂಪು ಎನ್ನುವುದು ನಿಜ. ಫ್ಯಾನು ರೂಢಿಯಾದವನಿಗೆ ಆ ತಂಪು ಗೊತ್ತಾಗುವುದಿಲ್ಲ.

ಅವನು ಲೈನ್‌ಮನ್‌ನನ್ನು ಕರೆಸಿದ. ಲೈನ್‌ಮನ್ ತನ್ನ ಚೀಲದಿಂದ ಬೇರೆ ಫ್ಯೂಸು ತೆಗೆದ. ಕಾಸೀಮಬೀ ಅಡ್ಡ ಬರಲಿಲ್ಲ. ಸ್ಟೂಲನ್ನು ತಾನೇ ತಂದಿಟ್ಟಳು.

"ಹಾಕಪ್ಪ. ಹಾಕಿದ ಮ್ಯಾಲ ಆ ತೊಯ್ದ ಗ್ವಾಡಿಗೆ ನಿನ್ನ ಟೆಸ್ಟರ್ ಹಚ್ಚಿ ನೋಡಿ ಹೋಗು."

ಅವನು ಫ್ಯೂಸು ಕೂರಿಸಿ ಮೇನ್ ಎತ್ತಿದ. ಬಚ್ಚಲ ಕಡೆಯ ಗೋಡೆಗೆ ಟೆಸ್ಟರಿನ ಮೂತಿ ಒತ್ತಿದ. ಹಿಡಿಕೆಯೊಳಗಿನ ಸಣ್ಣ ದೀಪ ಹತ್ತಿಕೊಂಡಿತು. ಒಂದು ಗೇಣು ಆಚೆ ಒತ್ತಿದ, ಅಲ್ಲೂ ಹತ್ತಿತು. ಮೇನ್ ಇಳಿಸಿ, ತನ್ನ ಫ್ಯೂಸನ್ನು ತಾನೇ ಕಿತ್ತು ಚೀಲಕ್ಕೆ ಹಾಕಿಕೊಂಡ. ಹೊಸ್ತಿಲಲ್ಲಿ ನಿಂತಿದ್ದ ಅಕ್ಬರಸಾಬನಿಗೆ, "ವೈರಿಂಗ್ ಛಲೋ ಮಾಡಿಸೂತನಕ ನಾ ಹಾಕಂಗಿಲ್ರಿ. ನಾಳೆ ಯಾರರ ಬಿದ್ದ್ರ ನನ್ನ ಕೇಳತಾರ," ಎಂದು ಹೇಳಿ ಬೈಕು ಹತ್ತಿದ.

ಇಷ್ಟಾದರೂ ಅಕ್ಬರಸಾಬ ಬಗ್ಗಲಿಲ್ಲ. ಅವನ ಲೆಕ್ಕಾಚಾರ ಸರಳವಾಗಿತ್ತು, ಅದನ್ನು ಓಣಿಯಲ್ಲಿ ಹೇಳಿಯೂ ಇದ್ದ: ಇದು ಮದುವೆಯ ಸೀಜನ್ನು, ಯಂತ್ರ ನಿಂತರೆ ಮೊದಲು ಹಸಿಯುವುದು ಆಕೆಯ ಹೊಟ್ಟೆ, ತನ್ನದಲ್ಲ.

ಅದು ಸುಳ್ಳೂ ಆಗಿರಲಿಲ್ಲ. ಮಂಗಳೂರಿನ ಪಂಪಾವತಿ ಎರಡನೆಯ ಮಗಳ ಮದುವೆಗೆ ಮತ್ತೆ ಹತ್ತಿ ತಂದಿದ್ದಳು. ಯಂತ್ರ ನಿಂತದ್ದು ಕಂಡು ಗಂಟನ್ನು ಕಂಕುಳಲ್ಲೇ ಇಟ್ಟುಕೊಂಡು ನಿಂತಳು.

"ಹ್ವಾದ ಸಲ ಸುಟ್ಟಿ. ಈ ಸಲ ಹಂಗ ಕಳಸ್ತಿಯೇನವಾ?"

"ಇಳಸ ಗಂಟು."

"ಕರೆಂಟ್ ಇಲ್ದ ಹೆಂಗ ಹಿಂಜ್ತಿ?"

ಕಾಸೀಮಬೀ ತಲೆಯೆತ್ತಿ ಅಟ್ಟದ ಕಡೆ ನೋಡಿದಳು. ಅಲ್ಲಿ ಎರಡು ಗೂಟಗಳ ಮೇಲೆ ಮಾವನ ಹಿಂಜುವ ಬಿಲ್ಲು ಮಲಗಿತ್ತು. ಆಳೆತ್ತರದ ಮರದ ಬಿಲ್ಲು, ಅದಕ್ಕೆ ಕುರಿಯ ನರದಿಂದ ಹೊಸೆದ ಹುರಿ, ಪಕ್ಕದಲ್ಲಿ ಹುರಿಯನ್ನು ಮೀಟುವ ಮರದ ಕೊಡತಿ. ಯಂತ್ರ ಬಂದ ಮೇಲೆ ಅದನ್ನು ಯಾರೂ ಇಳಿಸಿಲ್ಲ. ಮೊಹರಮ್ಮಿನಲ್ಲಿ ಅದಕ್ಕೆ ಲೋಬಾನದ ಹೊಗೆ ಹಾಕುತ್ತಾರೆ, ಅದೂ ಗಂಡಸರೇ. ಆ ಮನೆಯಲ್ಲಿ ಹೆಂಗಸರು ಹತ್ತಿ ಬಿಡಿಸಬಹುದು, ತುಂಬಬಹುದು, ಹೊಲಿಯಬಹುದು, ಬಿಲ್ಲು ಮುಟ್ಟುವಂತಿಲ್ಲ. ಹೆಣ್ಣಿನ ಕೈ ತಾಗಿದರೆ ಹುರಿ ಹರಿಯುತ್ತದೆ ಎಂದು ಅತ್ತೆ ಹೇಳುತ್ತಿದ್ದಳು, ಅತ್ತೆಗೆ ಅವಳ ಅತ್ತೆ ಹೇಳಿದ್ದಳು.

"ಬ್ಯಾಡ," ಅಂದ ಮಕ್ಬುಲಸಾಬ. ಹೆಂಡತಿ ಎತ್ತ ನೋಡುತ್ತಿದ್ದಾಳೆಂದು ಅವನಿಗೆ ತಿಳಿದಿತ್ತು. "ಅಪ್ಪನ ಬಿಲ್ಲದು."

"ಹಂಗಾರ ನೀ ಹಿಂಜು."

ಅವನು ಕೆಮ್ಮಿದ. ಉತ್ತರಕ್ಕೆ ಅದೇ ಸಾಕಿತ್ತು.

ಸ್ಟೂಲು ಮತ್ತೊಮ್ಮೆ ಕೆಲಸಕ್ಕೆ ಬಂತು. ಬಿಲ್ಲು ಇಳಿಯಿತು, ಧೂಳು ಒರೆಸಿಕೊಂಡಿತು, ಜಂತಿಗೆ ಕಟ್ಟಿದ ಹಗ್ಗದಲ್ಲಿ ತೂಗಿತು. ಹೊಸ್ತಿಲಲ್ಲಿ ಓಣಿಯ ಅರ್ಧ ಮಂದಿ. ಕಾಸೀಮಬೀ ಕೊಡತಿ ಎತ್ತಿ ಒಂದು ಏಟು ಹೊಡೆದಳು. ಹುರಿ ಟಪ್ಪೆಂದು ಹರಿದು ಆಕೆಯ ಕೆನ್ನೆಗೆ ಬಾರಿಸಿತು.

ಗೋಡೆಯಾಚೆಯಿಂದ ಅಕ್ಬರಸಾಬನ ನಗು ಕೇಳಿಸಿತು. ಈಚೆ ಯಾರೂ ನಗಲಿಲ್ಲ, ನಗುವಿಗಿಂತ ಅದು ಕಷ್ಟವಾಗಿತ್ತು. "ಹಿರೇರು ಸುಳ್ಳ ಹೇಳ್ತಾರೇನ," ಎಂದು ಯಾರೋ ಅಂದರು.

ಕಾಸೀಮಬೀ ಕೆನ್ನೆ ಒರೆಸಿಕೊಂಡಳು. ತುಂಡಾದ ಹುರಿಯನ್ನು ಬೆರಳಲ್ಲಿ ಮುರಿದು ತೋರಿಸಿದಳು. ಅದು ಒಣ ಕಡ್ಡಿಯಂತೆ ಪಟಪಟ ಮುರಿಯಿತು. "ಮಾವ ಹೋದಾಗಿಂದ ಒಣಗಿದ ನರ ಇದು. ಪೈಲ್ವಾನ ಹೊಡದಿದ್ರೂ ಹರೀತಿತ್ತು. ಅವಗೂ ಹೆಣ್ಣಿನ ಕೈ ಅಂತಿದ್ರೇನು?"

ಪಂಪಾವತಿ ಗಂಟು ಇಳಿಸಿದಳು. ನಂಬಿಕೆ ಬಂದಿತ್ತೆಂದಲ್ಲ. ಇನ್ನೊಂದು ಏಟು ನೋಡಬೇಕೆನಿಸಿತ್ತು.

ಮರುದಿನ ಕಾಸೀಮಬೀ ಬಸ್ಸು ಹಿಡಿದು ಕನಕಗಿರಿಗೆ ಹೋದಳು. ಅಲ್ಲಿನ ಸಂತೆಯಲ್ಲಿ ದಿಂಬು ಮಾರುವ ಕಾಲದಿಂದ ಆಕೆಗೆ ತಾಹೇರಸಾಬನ ಪರಿಚಯ. ಎಂಬತ್ತರ ಹತ್ತಿರದ ಮುದುಕ, ಆ ಕಡೆ ನರದ ಹುರಿ ಹೊಸೆಯಲು ಬರುವ ಪಿಂಜಾರ ಅವನೊಬ್ಬನೇ ಉಳಿದಿದ್ದ. ಹುರಿ ಯಾರಿಗೆಂದು ಕೇಳಿ ತಿಳಿದು ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಕೊನೆಗೆ ಬಿಲ್ಲು ಹಿಡಿಯುವ ಬಗೆ ತೋರಿಸಿದ: ಬಲ ತೋಳಿನದಲ್ಲ, ಮಣಿಕಟ್ಟಿನದು, ಹುರಿ ಹತ್ತಿಯ ಮೇಲ್ಪದರವನ್ನಷ್ಟೇ ಮುಟ್ಟಬೇಕು, ಒಳಗೆ ಹೊಕ್ಕರೆ ಸುತ್ತಿಕೊಳ್ಳುತ್ತದೆ.

"ಯಾರ ಕಲಸಿದ್ರಂತ ಕೇಳಿದ್ರ ನನ್ನ ಹೆಸರ ಹೇಳಬ್ಯಾಡವಾ," ಅಂದ.

"ಹೇಳತೀನಿ," ಅಂದಳು ಕಾಸೀಮಬೀ. "ಛಲೋ ಕಲಿಸೀರಿ, ಯಾಕ ಹೇಳಬಾರದು?"

ಮುದುಕ ಹುರಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಇನ್ನೊಂದು ಹುರಿಯನ್ನೂ ಜೊತೆಗಿಟ್ಟ.

ಅದರ ಮರುದಿನದಿಂದ ಆ ಓಣಿಯಲ್ಲಿ ಬಿಲ್ಲಿನ ಸದ್ದು ಶುರುವಾಯಿತು. ಧೊಂಯ್ ಎಂದು ದಪ್ಪಗೆ ಒಂದು, ಟಕ್ ಎಂದು ಒಣದಾಗಿ ಒಂದು. ಮೊದಲ ದಿನ ಏಟು ತಪ್ಪಿ ತಪ್ಪಿ ಬೀಳುತ್ತಿತ್ತು, ಹತ್ತಿ ಹುರಿಗೆ ಸುತ್ತಿಕೊಳ್ಳುತ್ತಿತ್ತು, ಬಿಡಿಸುವುದೇ ಕೆಲಸವಾಗುತ್ತಿತ್ತು. ಮಣಿಕಟ್ಟು ಊದಿಕೊಂಡಿತು. ಗೌಸಬೀ ಗೋಡೆ ಬಳಸಿ ಬಂದು ಬಿಸಿ ಎಣ್ಣೆ ತಿಕ್ಕಿ ಹೋಗುತ್ತಿದ್ದಳು, ಗಂಡನಿಗೆ ಗೊತ್ತಾಗದಂತೆ. ಅಕ್ಬರಸಾಬನಿಗೆ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು, ಅವನೂ ಕೇಳುತ್ತಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಸದ್ದು ಒಂದು ನಡೆಗೆ ಬಂತು. ಬೆಳಿಗ್ಗೆ ಚಹಾದ ನಂತರ ಶುರುವಾದರೆ ಮಧ್ಯಾಹ್ನದ ಊಟಕ್ಕೆ ನಿಲ್ಲುತ್ತಿತ್ತು, ಮತ್ತೆ ಶುರುವಾದರೆ ಸಂಜೆಯವರೆಗೆ. ಯಂತ್ರದ ಕೆಲಸದ ಕಾಲುಭಾಗವೂ ಆಗುತ್ತಿರಲಿಲ್ಲ. ಆದರೂ ಆಗುತ್ತಿತ್ತು. ಹತ್ತಿ ಬೆಳ್ಳಗೆ ನೊರೆಯಂತೆ ಏಳುತ್ತಿತ್ತು.

ಬಿಲ್ಲು ತೂಗುತ್ತಿದ್ದ ಜಂತಿ ನಡುಗೋಡೆಯ ಮೂಲಕ ಹಾದು ಅಕ್ಬರಸಾಬನ ಮಲಗುವ ಕೋಣೆಯ ಮೇಲೂ ಹೋಗಿತ್ತು. ಹಾಸಿಗೆಯಲ್ಲಿ ಬಿದ್ದುಕೊಂಡರೆ ಪ್ರತಿ ಏಟೂ ತಲೆಯ ಮೇಲೆಯೇ. ಅಂಗಡಿಗೆ ಹೋದರೆ ಅಲ್ಲೂ ಅದೇ. "ಸಾಬರ, ನಿಮ್ಮ ಮನ್ಯಾಗ ಹೆಣ್ಮಗಳು ಬಿಲ್ಲ ಹಿಡದಾಳಂತ ಖರೆ ಏನ್ರಿ?" ಎಂದು ಫೋಮು ಕೊಳ್ಳಲು ಬಂದವರು ಕೇಳುತ್ತಿದ್ದರು, ಕೇಳಿ ನೋಡಲು ಹೋಗುತ್ತಿದ್ದರು, ಹೋದವರಲ್ಲಿ ಕೆಲವರು ಹಿಂದಿರುಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಹೊಸ್ತಿಲಿಗೆ ಬಂದು ನಿಂತ. ಕೊರಳಲ್ಲಿ ತೊಯ್ದ ಟವೆಲ್ಲು, ನಿದ್ದೆಗೆಟ್ಟ ಕಣ್ಣು. ಕಾಸೀಮಬೀ ಕೊಡತಿ ಕೆಳಗಿಟ್ಟು ಸೆರಗು ತಲೆಗೆಳೆದುಕೊಂಡಳು. ಮರ್ಯಾದೆಯಲ್ಲಿ ಆಕೆ ಎಂದೂ ಕಡಿಮೆ ಮಾಡಿದವಳಲ್ಲ.

"ಬರ್ರಿ ಭಾವಾರ, ಕುಂದರ್ರಿ."

"ಕುಂದ್ರಾಕ ಬಂದಿಲ್ಲ. ನನ್ನ ಮನಿ ಕರೆಂಟ್ ಕಡಿಯಾಕ ನಿನಗ ಹಕ್ಕ ಯಾರ ಕೊಟ್ರು?"

"ನಿಮ್ಮ ಕರೆಂಟ್ ನನ್ನ ಗ್ವಾಡಿ ಮ್ಯಾಲಿಂದ ಹೋಗತೈತ್ರಿ. ಆ ಗ್ವಾಡಿಗೆ ನಾ ಬೆನ್ನ ಕೊಟ್ಟು ಕುಂದ್ರತೀನಿ."

"ಮಳಿ ಬಂದಿತ್ತು, ಜುಮ್ ಅಂದಿತ್ತು. ಈಗ ಒಣಗೇತಿ."

"ಮಳಿ ಇದ ಕಡೀದೇನ್ರಿ?"

ಅಕ್ಬರಸಾಬ ತಮ್ಮನ ಕಡೆ ತಿರುಗಿದ. "ನೀ ಗಂಡಸಾಗಿ ನೋಡಕೋತ ಕುಂತೀಯಲ್ಲೋ. ಅಪ್ಪನ ಬಿಲ್ಲ ಹೆಣ್ಣಿನ ಕೈಗೆ ಕೊಟ್ಟಿ."

ಮಕ್ಬುಲಸಾಬ ಹತ್ತಿ ಬಿಡಿಸುತ್ತಿದ್ದ. ತಲೆ ಎತ್ತಲಿಲ್ಲ. "ನಾನೂ ಬ್ಯಾಡ ಅಂದಿದ್ದೆ ಅಣ್ಣಾ. ಈಗ ಹತ್ತಿ ನೋಡು ಹೆಂಗ ಎದ್ದೈತಿ. ಅಪ್ಪನ ಕೈಯಾಗ ಏಳತಿತ್ತಲ್ಲ, ಹಂಗ ಐತಿ."

ಅಕ್ಬರಸಾಬ ಹೊಸ್ತಿಲು ದಾಟಿ ಒಳಬಂದ. ರಾಶಿಯ ಕಡೆ ನೋಡಿದ. ಅವನೂ ಹುಟ್ಟಾ ಪಿಂಜಾರನೇ. ಕೈ ಹಾಕಿ ಒಂದು ಹಿಡಿ ಎತ್ತಿ ಬೆರಳಲ್ಲಿ ಉಜ್ಜಿದ, ಒಳಗೆ ಗಂಟು ಇದೆಯೇ ಎಂದು ನೋಡಿದ, ಇರಲಿಲ್ಲ. ಹತ್ತಿಯನ್ನು ವಾಪಸು ಹಾಕಿ, ಬಂದದ್ದಕ್ಕಿಂತ ಜೋರು ದನಿಯಲ್ಲಿ ಹೇಳಿದ:

"ನಿನ್ನ ಸಂಚ್ಯಾಗಿನ ಫ್ಯೂಸಿಗೆ ಕಾಯ್ಕೋತ ಕುಂದ್ರೂ ಮನಷ್ಯಾ ನಾ ಅಲ್ಲ. ನನ್ನ ಮೀಟರ್ ನಾ ಬ್ಯಾರೆ ತಗೋತೀನಿ. ಈ ಮೀಟರ್ ನೀವ ಇಟ್ಕೊಳ್ರಿ, ನಿಮ್ಮ ಹೆಸರೀಗೆ ಮಾಡ್ಕೊಳ್ರಿ, ಯಂತ್ರಾನರ ನಡಸ್ರಿ, ಬೆಂಕೀನರ ಹಚ್ಕೊಳ್ರಿ. ಎಲ್ಲಿ ಐತಿ ಆ ಕಾಗದ?"

ಕಾಗದ ಯಂತ್ರದ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿತ್ತು, ಶ್ರಾವಣದಿಂದಲೂ. ಪೆನ್ನು ಅವನೇ ತಂದಿದ್ದ. ನಿಂತೇ ಸಹಿ ಹಾಕಿ ಹೋದ. ಕಾಸೀಮಬೀ ಕೊಡತಿ ಎತ್ತಿಕೊಂಡಳು.

ಶರಣಕುಮಾರ ಕೆಲಸ ಶುರುಮಾಡಿದ್ದು ಪಡಸಾಲೆಯಿಂದ. ಮೊದಲ ದಿನವೇ ತಕರಾರಾಯಿತು. ಅವನಿಗೆ ಗೋಡೆ ಕೊರೆದು ಪೈಪು ಹೂಳುವ ಆಸೆ, ಈಗ ಎಲ್ಲರೂ ಹಾಗೇ ಕೇಳುತ್ತಾರೆ. ಕಾಸೀಮಬೀ ಒಪ್ಪಲಿಲ್ಲ.

"ಗ್ವಾಡಿ ಮ್ಯಾಲ ಹಾಯಿಸು. ನನ್ನ ಕಣ್ಣಿಗೆ ಕಾಣಬೇಕು."

"ಕಾಕಿ, ಛಂದ ಕಾಣಂಗಿಲ್ಲ. ಪೈಪ್ ಕಾಣೋ ಮನಿ ಅಂದ್ರ ಬಡವರ ಮನಿ ಅಂತಾರ."

"ಛಂದ ಕಾಣಲಿ ಅಂತನ ಮಾಳಗ್ಯಾಗ ಹುಗದಿದ್ರು. ಕಂಡ ತಂತಿ ಕೆಟ್ಟಿದ್ದು ಗೊತ್ತಾಗತೈತಿ. ಕಾಣದ್ದು ಸುಟ್ಟ ಮ್ಯಾಲ ಗೊತ್ತಾಗತೈತಿ. ನಮ್ಮಲ್ಲೆ ಬರಾವ್ರು ಗಾದಿ ನೋಡಾಕ ಬರ್ತಾರ, ಗ್ವಾಡಿ ನೋಡಾಕಲ್ಲ."

ಅವನು ತಲೆ ಕೆರೆದುಕೊಂಡು ಗೋಡೆಯ ಮೇಲೆಯೇ ಹಾಯಿಸಿದ. ಯಂತ್ರಕ್ಕೆ ಬೇರೆ ಲೈನು, ಅದರ ಸ್ವಿಚ್ಚು ಹತ್ತಿಯ ಧೂಳು ತಾಗದಂತೆ ಬಾಗಿಲಾಚೆ, ಮುಚ್ಚಳವಿರುವ ಪೆಟ್ಟಿಗೆಯಲ್ಲಿ. ಗೋಡೆಗೆ ಕರೆಂಟು ಸೋರಿದರೆ ತಾನಾಗಿ ಬೀಳುವ ಟ್ರಿಪ್ಪರು. ಅದರಲ್ಲಿ ದಬ್ಬಣ ತುರುಕಲು ಎಲ್ಲೂ ಜಾಗವಿಲ್ಲ ಎಂಬುದನ್ನು ಮಕ್ಬುಲಸಾಬ ತಾನೇ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡ.

ಇಷ್ಟರಲ್ಲಿ ಅಕ್ಬರಸಾಬನಿಗೆ ಹೊಸ ತೊಂದರೆ ಎದುರಾಯಿತು. ಬೇರೆ ಮೀಟರು ಬೇಕಾದರೆ ಮನೆಯ ವೈರಿಂಗು ಸರಿಯಿದೆ ಎಂದು ಲೈಸನ್ಸ್ ಇದ್ದವರು ಬರೆದುಕೊಡಬೇಕು. ಕುಷ್ಟಗಿಯಲ್ಲಿ ಅವನ ಅವಸರಕ್ಕೆ ಸಿಕ್ಕವನು ಶರಣಕುಮಾರನೇ. ಶರಣಕುಮಾರ ಮಾಳಿಗೆಯಿಂದ ಇಳಿದು ಬಂದ ಪೈಪಿನ ಬಾಯಿಯೊಳಗಿನ ತಂತಿ ಜಗ್ಗಿದ. ಹಸಿರು ಪುಡಿಯ ಜೊತೆ ತುಂಡೊಂದು ಕೈಗೆ ಬಂತು.

"ಇದಕ್ಕ ನಾ ಬರದ ಕೊಡಂಗಿಲ್ರಿ. ನನ್ನ ಲೈಸನ್ಸ್ ಹೋಗತೈತಿ."

"ಸ್ಲ್ಯಾಬ್ ಹಾಕಿಸೂತನಕ ನಡೀಲಿ ಅಂತ ಬರಿ."

"ಸ್ಲ್ಯಾಬ್ ಎಂದ ಹಾಕಸ್ತೀರಿ?"

ಗೌಸಬೀ ಬಾಗಿಲಲ್ಲಿ ನಿಂತಿದ್ದಳು. "ಬಚ್ಚಲದಾಗಿನ ನಳ ಮುಟ್ಟಿ ನೋಡ್ರಿ ಒಮ್ಮೆ, ನಾ ದಿನಾ ಮುಟ್ಟತೀನಿ," ಎಂದು ಗಂಡನಿಗೆ, ಹೊರಗಿನವರ ಎದುರು, ಮೊದಲ ಬಾರಿ ಹೇಳಿದಳು. ಅವನು ಟವೆಲ್ಲು ಕೊಡವಿ ಅಂಗಡಿಗೆ ಹೊರಟ. ಹೊರಡುವಾಗ ಶರಣಕುಮಾರನಿಗೆ, ಗೋಡೆಯಾಚೆ ಕೇಳಿಸದಷ್ಟು ಸಣ್ಣಗೆ, "ಅಲ್ಲಿ ಹಾಕೀಯಲ್ಲ, ಹಂಗ ಹಾಕು. ಪೈಪಿಗೆ ಗ್ವಾಡಿ ಬಣ್ಣಾ ಹಚ್ಚು," ಅಂದ.

ಗೋಡೆಯಾಚೆ ಕೇಳಿಸಿತು. ಕಾಸೀಮಬೀ ಆ ಹೊತ್ತಿಗೆ ಬಿಲ್ಲು ನಿಲ್ಲಿಸಿ ಎಲೆ ಹಾಕಿಕೊಳ್ಳುತ್ತಿದ್ದಳು.

ಎರಡೂ ಮನೆಗೆ ಸೇರಿ ಒಂದೇ ಕಡೆ, ಬಚ್ಚಲ ನೀರು ಹರಿಯುವ ಹಸಿ ಜಾಗದಲ್ಲಿ, ಸೋರಿದ ಕರೆಂಟು ನೆಲಕ್ಕಿಳಿಯಲೆಂದು ಅರ್ಥಿಂಗಿನ ಗುಂಡಿ ತೋಡಿದ್ದಾರೆ. ಅದಕ್ಕೆ ತುಂಬುವ ಇದ್ದಿಲನ್ನು ಮಕ್ಬುಲಸಾಬ ತಂದ. ಉಪ್ಪಿನ ಚೀಲ ಅಕ್ಬರಸಾಬನ ಅಂಗಡಿಯ ಆಟೋದಲ್ಲಿ ಬಂತು. ಅವನೇ ಇಳಿಸಿ, ಯಾರನ್ನೂ ನೋಡದೆ, ಗುಂಡಿಯ ಬದಿಗಿಟ್ಟು ಹೋದ. ಮಾಳಿಗೆಯೊಳಗಿನ ಹಳೆಯ ಪೈಪನ್ನು ಎರಡೂ ತುದಿಯಲ್ಲಿ ಕತ್ತರಿಸಿ, ಇನ್ನು ಕರೆಂಟು ಹರಿಯದಂತೆ ಮಾಡಿ, ಅಲ್ಲೇ ಬಿಟ್ಟಿದ್ದಾರೆ. ಮಳೆ ಹತ್ತಿರವಿರುವಾಗ ಮಾಳಿಗೆ ಅಗೆಯುವುದು ಯಾರಿಗೂ ಬೇಡವಾಗಿತ್ತು.

ಪಂಪಾವತಿಯ ಮಗಳ ಗಾದಿ, ಎರಡು ಲೋಡು, ನಾಲ್ಕು ದಿಂಬು ಬಿಲ್ಲಿನಿಂದಲೇ ತಯಾರಾಗಿ ಮಂಗಳೂರಿಗೆ ಹೋಗಿವೆ. ಒಯ್ಯುವಾಗ ಆಕೆ ಗಾದಿಯನ್ನು ಎರಡೂ ಕೈಯಲ್ಲಿ ಒತ್ತಿ, ಮೂಸಿ ನೋಡಿದಳು, ಸುಟ್ಟ ವಾಸನೆ ಇದೆಯೇ ಎಂದು. "ಮೂರನೇದಾಕಿದೂ ನಿನ್ನ ಕಡೇನ," ಅಂದಳು. "ಬಿಲ್ಲೀಲೇ ಮಾಡು."

"ಯಂತ್ರದಾಗ ಮಾಡ್ತೀನಿ," ಅಂದಳು ಕಾಸೀಮಬೀ. "ಬಿಲ್ಲ ಹಟಕ್ಕ ಹಿಡದದ್ದು. ಹೊಟ್ಟಿಗೆ ಯಂತ್ರ ಬೇಕು."

ಆದರೂ ಬಿಲ್ಲನ್ನು ಆಕೆ ಅಟ್ಟಕ್ಕೆ ಏರಿಸಿಲ್ಲ. ಅದು ಜಂತಿಯಿಂದಲೇ ತೂಗುತ್ತಿದೆ, ತಾಹೇರಸಾಬ ಕೊಟ್ಟ ಎರಡನೆಯ ಹುರಿ ಅದರ ಕೊರಳಿಗೆ ಸುತ್ತಿಕೊಂಡಿದೆ. ಪಿಂಗಾಣಿ ಫ್ಯೂಸು ಇನ್ನೂ ಸಂಚಿಯಲ್ಲಿದೆ. ಹಳೆಯ ಬೋರ್ಡು ಕಿತ್ತು ಹಾಕಿದ ಮೇಲೆ ಅದನ್ನು ಹಾಕಲು ಜಾಗವೂ ಉಳಿದಿಲ್ಲ.

ಸೋಮವಾರ ಕರೆಂಟಿನ ಆಫೀಸಿನವರು ಬಂದು ಓಣಿಯ ಕಡೆಯ ಗೋಡೆಗೆ ಎರಡು ಮೀಟರು ಕೂರಿಸುತ್ತಾರೆ. ಮಂಗಳವಾರ ಮಾಳಿಗೆಗೆ ಸವಳು ಮಣ್ಣಿನ ಟ್ರ್ಯಾಕ್ಟರು ಬರುತ್ತದೆ.